ಹಗ್ಗ ಕೇಳುವ ಲೆಕ್ಕ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯ ಪತ್ರದಲ್ಲಿ ಎರಡೇ ಷರತ್ತುಗಳಿವೆ: ವಿಷಯ ವಿಜ್ಞಾನದ್ದಾಗಿರಬೇಕು, ಮಾತು ಕನ್ನಡದಲ್ಲಿರಬೇಕು. ಆಹ್ವಾನ ಬಂದಾಗ ಕಪ್ಪುಕುಳಿ, ಬ್ರಹ್ಮಾಂಡದ ಹುಟ್ಟು, ಇಂಥ ದೊಡ್ಡ ವಿಷಯ ಆರಿಸಿಕೊಳ್ಳಿ ಎಂದು ಗೆಳೆಯರು ಹೇಳಿದರು. ನಾನು ಆರಿಸಿಕೊಂಡದ್ದು ಪ್ರಥಮ ಪಿಯುಸಿಯ ಒಂದು ಲೆಕ್ಕವನ್ನು. ದಾರದ ತುದಿಗೆ ಒಂದು ಗುಂಡು ಕಟ್ಟಿದೆ. ಅದು ಕೆಳಗಿನಿಂದ ಮೇಲೇರಿ, ನೆತ್ತಿ ದಾಟಿ, ಮತ್ತೆ ಕೆಳಗಿಳಿದು ಪೂರ್ತಿ ಒಂದು ಸುತ್ತು ಹಾಕಬೇಕು. ಅತಿ ಕೆಳಗಿದ್ದಾಗ ಅದಕ್ಕೆ ಕನಿಷ್ಠ ಎಷ್ಟು ವೇಗ ಇರಬೇಕು? ಉತ್ತರ ಪಿಯುಸಿ ಮಕ್ಕಳಿಗೆಲ್ಲ ಬಾಯಿಪಾಠ: ಐದು ಜಿ ಆರ್‌ನ ವರ್ಗಮೂಲ. ಜಿ ಎಂದರೆ ಗುರುತ್ವ, ಆರ್ ಎಂದರೆ ವೃತ್ತದ ತ್ರಿಜ್ಯ. ಮೂರು ದಶಕ ಪಾಠ ಹೇಳಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು. ಉತ್ತರ ಬಲ್ಲವರಲ್ಲಿ ಬಹಳ ಜನಕ್ಕೆ ಆ ಐದು ಎಲ್ಲಿಂದ ಬಂತು ಎಂಬುದು ಗೊತ್ತಿರುವುದಿಲ್ಲ. ಐದರಲ್ಲಿ ನಾಲ್ಕು ಒಂದು ಕಡೆಯಿಂದ ಬಂದಿದೆ, ಉಳಿದ ಒಂದು ಬೇರೆ ಕಡೆಯಿಂದ. ಇವತ್ತು ನಾನು ಆಡುವ ಮಾತೆಲ್ಲ ಆ ನಾಲ್ಕರ ಮತ್ತು ಆ ಒಂದರ ಬಗ್ಗೆ.

ನಮ್ಮೂರು ಧಾರವಾಡದ ಕಡೆ. ಪಂಚಮಿ ಬಂತೆಂದರೆ ಊರ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಬೀಳುತ್ತಿತ್ತು. ಪುಂಡಿ ನಾರಿನ ಹೊಸ ಹಗ್ಗ, ನಿಲ್ಲಲು ಒಂದು ಹಲಗೆ. ತವರಿಗೆ ಬಂದ ಹೆಣ್ಣುಮಕ್ಕಳು ಇಬ್ಬಿಬ್ಬರು ಎದುರುಬದುರು ನಿಂತು ಜೀಕಲು ಶುರುಮಾಡಿದರೆ ಹಲಗೆ ಕೊಂಬೆಯ ಮಟ್ಟಕ್ಕೆ ಹೋಗಿ ಬರುತ್ತಿತ್ತು. ಆದರೆ ಯಾರೂ ಏರುವ ಮೊದಲು ನಮ್ಮಜ್ಜ ಒಂದು ಪರೀಕ್ಷೆ ಮಾಡುತ್ತಿದ್ದ. ಐದಾರು ಗಟ್ಟಿ ಆಳುಗಳನ್ನು ಕರೆದು, ಎಲ್ಲರೂ ಒಟ್ಟಿಗೆ ಹಗ್ಗಕ್ಕೆ ಜೋತುಬೀಳಿ ಎನ್ನುತ್ತಿದ್ದ. ಕೊಂಬೆ ಕಿರುಗುಟ್ಟುತ್ತಿತ್ತು, ಗಂಟು ಬಿಗಿದುಕೊಳ್ಳುತ್ತಿತ್ತು. ಇಬ್ಬರು ಆಡುವ ಜೋಕಾಲಿಗೆ ಇಷ್ಟು ಜನ ಯಾಕಜ್ಜಾ ಎಂದು ಒಮ್ಮೆ ಕೇಳಿದೆ. "ನಿಂತಾಗಿನ ಭಾರ ಬ್ಯಾರೆ ತಮ್ಮಾ, ಜೀಕಿದಾಗಿನ ಭಾರ ಬ್ಯಾರೆ" ಎಂದ. ಎಷ್ಟು ಬೇರೆ ಎಂದು ಅವನಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಆ ಲೆಕ್ಕವನ್ನು ಈಗ ಮಾಡೋಣ.

ಹಗ್ಗ 5 ಮೀಟರ್ ಉದ್ದವಿದೆ, ಹಲಗೆ ಕೊಂಬೆಯ ಮಟ್ಟದಿಂದ ಕೆಳಗೆ ಬರುತ್ತಿದೆ ಎಂದುಕೊಳ್ಳಿ. ತಳಕ್ಕೆ ಬಂದಾಗ ವೇಗ ಎಷ್ಟು? ಬಾಗಿದ ದಾರಿ, ಕ್ಷಣಕ್ಷಣಕ್ಕೂ ದಿಕ್ಕು ಬದಲು, ಕ್ಷಣಕ್ಷಣಕ್ಕೂ ಬಲ ಬದಲು. ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಹೊರಟರೆ ಸುಸ್ತಾಗುತ್ತದೆ. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಇದಾವುದೂ ಬೇಕಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕೆಳಗೆ ಇಳಿದಿರಿ? 5 ಮೀಟರ್ ಇಳಿದಿದ್ದರೆ ಅಷ್ಟು ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗಿದೆ. ವೇಗ ಸೆಕೆಂಡಿಗೆ ಸುಮಾರು 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್. ನೆಟ್ಟಗೆ ಬಿದ್ದಿದ್ದರೂ ಇಷ್ಟೇ, ನುಣುಪಾದ ಜಾರುಬಂಡೆಯಲ್ಲಿ ಜಾರಿ ಬಂದಿದ್ದರೂ ಇಷ್ಟೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಗ್ಗ ಇಡೀ ದಾರಿಯುದ್ದಕ್ಕೂ ಬಲವಾಗಿ ಎಳೆಯುತ್ತಲೇ ಇದೆಯಲ್ಲ, ಅದರ ಪಾಲು ಶಕ್ತಿಯ ಲೆಕ್ಕದಲ್ಲಿ ಯಾಕೆ ಬರಲಿಲ್ಲ? ಹಗ್ಗ ಎಳೆಯುವುದು ಕೊಂಬೆಯ ಕಡೆಗೆ, ಹಲಗೆ ಸಾಗುವುದು ಅದಕ್ಕೆ ಅಡ್ಡವಾಗಿ. ಸಾಗುವ ದಿಕ್ಕಿಗೆ ಲಂಬವಾಗಿರುವ ಬಲ ಕೆಲಸ ಮಾಡುವುದಿಲ್ಲ. ಅದು ವೇಗವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುವುದಿಲ್ಲ, ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಕಿತ್ತುಹೋಗುವಷ್ಟು ಎಳೆಸಿಕೊಂಡ ಹಗ್ಗವೂ ಶಕ್ತಿಯ ಖಾತೆಗೆ ಒಂದು ಪೈಸೆ ಕೊಡುವುದಿಲ್ಲ, ಒಂದು ಪೈಸೆ ಪಡೆಯುವುದೂ ಇಲ್ಲ. ಭೌತಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಇದೊಂದು. ಹಗ್ಗ ಹರಿಯುತ್ತದೋ ಉಳಿಯುತ್ತದೋ ಎಂದು ಶಕ್ತಿಯ ಲೆಕ್ಕ ಹೇಳಲಾರದು ಎಂಬುದಕ್ಕೂ ಇದೇ ಕಾರಣ. ಆ ಲೆಕ್ಕದಲ್ಲಿ ಹಗ್ಗದ ಹೆಸರೇ ಇಲ್ಲ.

ಹಗ್ಗವನ್ನು ಬೇರೆಯಾಗಿ ಕೇಳಬೇಕು. ವೃತ್ತದಲ್ಲಿ ತಿರುಗುವ ಯಾವ ವಸ್ತುವಿಗೂ ಕೇಂದ್ರದ ಕಡೆಗೆ ಎಳೆತ ಬೇಕು. ಇಲ್ಲದಿದ್ದರೆ ಅದು ನೇರ ಹೋಗಿಬಿಡುತ್ತದೆ. ಎಷ್ಟು ಎಳೆತ ಎಂಬುದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ತ್ರಿಜ್ಯ ದೊಡ್ಡದಾದಷ್ಟು ಇಳಿಯುತ್ತದೆ. ಇಳಿದ ಎತ್ತರದಿಂದ ಸಿಗುವುದೂ ವೇಗದ ವರ್ಗವೇ: ಎರಡು, ಗುಣಿಸು ಗುರುತ್ವ, ಗುಣಿಸು ಹಗ್ಗದ ಉದ್ದ. ಅದನ್ನು ತ್ರಿಜ್ಯದಿಂದ, ಅಂದರೆ ಅದೇ ಹಗ್ಗದ ಉದ್ದದಿಂದ ಭಾಗಿಸಿದರೆ ಉದ್ದ ಹೊಡೆದುಹೋಗುತ್ತದೆ. ಉಳಿಯುವುದು ಗುರುತ್ವದ ಎರಡರಷ್ಟು. ತಿರುಗಿಸುವುದಕ್ಕೆ ತೂಕದ ಎರಡರಷ್ಟು, ಹೊತ್ತುಕೊಳ್ಳುವುದಕ್ಕೆ ತೂಕದಷ್ಟೇ ಇನ್ನೊಂದು, ಒಟ್ಟು ಮೂರು ಪಟ್ಟು. ಇಬ್ಬರೂ ಸೇರಿ 100 ಕಿಲೋ ಇದ್ದರೆ ತಳದಲ್ಲಿ ಹಗ್ಗಗಳು 300 ಕಿಲೋ ತೂಕ ತಡೆಯಬೇಕು. ಹಗ್ಗ 5 ಮೀಟರ್ ಇರಲಿ, 10 ಮೀಟರ್ ಇರಲಿ, ಕೊಂಬೆಯ ಮಟ್ಟದಿಂದ ಬಂದರೆ ಮೂರೇ ಪಟ್ಟು. ಉದ್ದನೆಯ ಜೋಕಾಲಿಯಲ್ಲಿ ವೇಗ ಜಾಸ್ತಿ, ಎದೆ ನಡುಗುವುದೂ ಜಾಸ್ತಿ. ಹಗ್ಗಕ್ಕೆ ಮಾತ್ರ ಅಷ್ಟೇ ಭಾರ. ಅಷ್ಟು ಎತ್ತರಕ್ಕೆ ಹೋಗದೆ, ನೆಟ್ಟಗೆ ನಿಂತ ಹಗ್ಗದಿಂದ 60 ಡಿಗ್ರಿ ಓರೆಯಾಗುವವರೆಗೆ ಮಾತ್ರ ಜೀಕಿದರೆ ಎರಡು ಪಟ್ಟು. ಇಬ್ಬರ ಜೋಕಾಲಿಗೆ ಅಜ್ಜ ಐದಾರು ಆಳುಗಳನ್ನು ಜೋತುಬೀಳಿಸಿದ್ದು ಎಷ್ಟು ಸರಿಯಾದ ಅಂದಾಜು, ನೋಡಿ.

ಜೀಕುವುದರ ಬಗ್ಗೆಯೂ ಒಂದು ಮಾತು. ಜೀಕುವವರು ತಳದಲ್ಲಿ ಮೊಣಕಾಲು ನೀಡಿ ಎದ್ದು ನಿಲ್ಲುತ್ತಾರೆ, ತುದಿ ಮುಟ್ಟಿದಾಗ ಕುಕ್ಕುರಿಸುತ್ತಾರೆ. ತಳದಲ್ಲಿ ಮೈಭಾರ ಎರಡು ಮೂರು ಪಟ್ಟು ಆಗಿರುವುದರಿಂದ ಅಲ್ಲಿ ಎದ್ದು ನಿಲ್ಲಲು ತೊಡೆ ಸೋಲುವಷ್ಟು ಕೆಲಸ ಮಾಡಬೇಕು. ತುದಿಯಲ್ಲಿ ಭಾರ ಕಡಿಮೆ, ಕೂತಾಗ ವಾಪಸು ಹೋಗುವುದು ಸ್ವಲ್ಪವೇ. ಆ ವ್ಯತ್ಯಾಸವೇ ಪ್ರತಿ ಸಲ ಜೋಕಾಲಿಯ ಖಾತೆಗೆ ಜಮೆಯಾಗಿ ಅದನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತದೆ. ಹಬ್ಬದ ಮರುದಿನ ತೊಡೆ ಹಿಡಿದುಕೊಂಡಿರುವುದರ ಕಾರಣ ಇದು.

ಮೂರು ಪಟ್ಟು ಎಂಬ ಈ ಮಾತು 350 ವರ್ಷ ಹಳೆಯದು. ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ 1673ರಲ್ಲಿ ಲೋಲಕದ ಗಡಿಯಾರದ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ. ಅದರ ಕೊನೆಯಲ್ಲಿ ವೃತ್ತೀಯ ಚಲನೆಯ ಬಗ್ಗೆ ಹದಿಮೂರು ಪ್ರಮೇಯಗಳನ್ನು ಸಾಧನೆ ಕೊಡದೆ ಬರೆದಿಟ್ಟ. ಕಾಲು ವೃತ್ತ ಇಳಿದು ಬಂದ ಲೋಲಕ ತಳದಲ್ಲಿ ತನ್ನ ದಾರವನ್ನು ತೂಕದ ಮೂರು ಪಟ್ಟು ಎಳೆಯುತ್ತದೆ ಎಂಬುದು ಅವುಗಳಲ್ಲಿ ಒಂದು. ಪೂರ್ತಿ ಸುತ್ತು ಹಾಕಬೇಕಾದರೆ ದಾರ ಆರು ಪಟ್ಟು ತಡೆಯುವಂತಿರಬೇಕು ಎಂಬುದು ಇನ್ನೊಂದು. ಸಾಧನೆಗಳು ಅಚ್ಚಾದದ್ದು 1703ರಲ್ಲಿ, ಅವನು ತೀರಿಕೊಂಡು ಎಂಟು ವರ್ಷದ ಮೇಲೆ. ಆಗ ಶಕ್ತಿ ಎಂಬ ಪದ ಈ ಅರ್ಥದಲ್ಲಿ ಇರಲೇ ಇಲ್ಲ. ಅದನ್ನು ಥಾಮಸ್ ಯಂಗ್ ಬಳಕೆಗೆ ತಂದದ್ದು 1807ರಲ್ಲಿ. ಪ್ರಚ್ಛನ್ನ ಶಕ್ತಿ ಎಂಬ ಹೆಸರನ್ನು ರ‍್ಯಾಂಕಿನ್ ಕೊಟ್ಟದ್ದು 1853ರಲ್ಲಿ. ಬಿದ್ದ ವಸ್ತು ತಾನಾಗಿ ತಾನು ಬಿದ್ದ ಎತ್ತರಕ್ಕಿಂತ ಮೇಲೇರಲಾರದು ಎಂಬ ಒಂದೇ ನಂಬಿಕೆಯ ಮೇಲೆ ಹೈಗನ್ಸ್ ಈ ಲೆಕ್ಕಗಳನ್ನು ಕಟ್ಟಿದ.

ಆ ನಂಬಿಕೆಯನ್ನು ಕಣ್ಣಿಗೆ ಕಾಣಿಸಿದವನು ಗೆಲಿಲಿಯೊ. 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಕೊನೆಯ ಪುಸ್ತಕ 'ಎರಡು ಹೊಸ ವಿಜ್ಞಾನಗಳು'. ಅಷ್ಟರಲ್ಲಿ ಅವನಿಗೆ ಗೃಹಬಂಧನ, ಕಣ್ಣೂ ಹೋಗಿತ್ತು. ಆ ಪುಸ್ತಕದಲ್ಲಿ ಮೊಳೆಯ ಪ್ರಯೋಗ ಒಂದಿದೆ. ಗೋಡೆಯಲ್ಲಿ ಒಂದು ಮೊಳೆ, ಅದರಿಂದ ನಾಲ್ಕಾರು ಅಡಿ ದಾರದಲ್ಲಿ ಸೀಸದ ಗುಂಡು. ಪಕ್ಕಕ್ಕೆ ಎತ್ತಿ ಬಿಟ್ಟರೆ ಆಚೆ ಬದಿಯಲ್ಲಿ ಹೆಚ್ಚೂಕಡಿಮೆ ಅದೇ ಮಟ್ಟಕ್ಕೆ ಏರುತ್ತದೆ. ಈಗ ಮೇಲಿನ ಮೊಳೆಯ ನೇರ ಕೆಳಗೆ ಇನ್ನೊಂದು ಮೊಳೆ ಹೊಡೆಯಿರಿ. ದಾರ ನಡುವೆ ಅದಕ್ಕೆ ತಾಗಿ, ಗುಂಡು ಚಿಕ್ಕ ವೃತ್ತಕ್ಕೆ ಹೊರಳುತ್ತದೆ. ಆದರೂ ಏರುವುದು ಅದೇ ಮಟ್ಟಕ್ಕೆ. ಮೊಳೆಯನ್ನು ತೀರಾ ಕೆಳಗೆ ಇಟ್ಟರೆ ಉಳಿದ ದಾರ ಆ ಮಟ್ಟವನ್ನು ಮುಟ್ಟುವಷ್ಟು ಉದ್ದವಿರುವುದಿಲ್ಲ. ಆಗ ದಾರ ಮೊಳೆಯನ್ನು ಹಾರಿ ಅದಕ್ಕೇ ಸುತ್ತಿಕೊಳ್ಳುತ್ತದೆ ಎಂದೂ ಅವನು ಬರೆದಿದ್ದಾನೆ. ನನ್ನ ಮಟ್ಟಿಗೆ ಪಿಯುಸಿ ಲೆಕ್ಕ ಶುರುವಾಗುವುದು ಆ ಒಂದು ವಾಕ್ಯದಿಂದ.

ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡಿಸುತ್ತಿದ್ದೆ. ಕರಿಹಲಗೆಯ ಚೌಕಟ್ಟಿಗೆ ಒಂದು ಮೊಳೆ, 100 ಸೆಂಟಿಮೀಟರ್ ದಾರ, ತುದಿಗೆ ಕಬ್ಬಿಣದ ದಪ್ಪ ನಟ್ಟು. ಎರಡನೆಯ ಮೊಳೆಯನ್ನು ಸರಿಯಾಗಿ 50 ಸೆಂಟಿಮೀಟರ್ ಕೆಳಗೆ ಹೊಡೆಯುತ್ತಿದ್ದೆ. ದಾರವನ್ನು ಅಡ್ಡಡ್ಡ ಬಿಗಿಹಿಡಿದು ನಟ್ಟನ್ನು ಬಿಟ್ಟರೆ ಅದು 100 ಸೆಂಟಿಮೀಟರ್ ಇಳಿಯುತ್ತದೆ. ಚಿಕ್ಕ ವೃತ್ತದ ನೆತ್ತಿ ಇರುವುದೂ ತಳದಿಂದ 100 ಸೆಂಟಿಮೀಟರ್ ಮೇಲೆ. ಏನಾಗುತ್ತದೆ ಎಂದು ಕೇಳಿದರೆ ತರಗತಿಯ ಜಾಣ ಮಕ್ಕಳೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದರು: ಸರ್, ಗಾಳಿಯ ತಡೆ ಇಲ್ಲದಿದ್ದರೆ ನೆತ್ತಿ ಮುಟ್ಟುತ್ತದೆ, ಅಲ್ಲಿ ವೇಗ ಸೊನ್ನೆ.

ಬಿಟ್ಟು ನೋಡಿದರೆ ಹಾಗಾಗುವುದಿಲ್ಲ. ನಟ್ಟು ಮುಕ್ಕಾಲು ದಾರಿ ಏರುತ್ತದೆ, ದಾರ ಇದ್ದಕ್ಕಿದ್ದಂತೆ ಸಡಿಲಾಗಿ ಮಡಚಿಕೊಳ್ಳುತ್ತದೆ, ನಟ್ಟು ವೃತ್ತ ಬಿಟ್ಟು ಎಸೆದ ಕಲ್ಲಿನ ಹಾಗೆ ಬಾಗಿ ಒಳಕ್ಕೆ ಬೀಳುತ್ತದೆ. ಎಷ್ಟೋ ಸಲ ಅದು ಮೊಳೆಗೇ ಬಡಿದು ಟಣ್ ಎನ್ನುತ್ತಿತ್ತು. ಮಕ್ಕಳ ಮುಖದಲ್ಲಿ ಆಗ ಮೂಡುತ್ತಿದ್ದ ಗೊಂದಲ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಗಾಳಿಯ ತಡೆ ಎಂದು ಒಬ್ಬ ಹೇಳುತ್ತಿದ್ದ, ಮೊಳೆಯ ಘರ್ಷಣೆ ಎಂದು ಇನ್ನೊಬ್ಬಳು. ಗಾಳಿಯೇ ಇಲ್ಲದ ಜಾಗದಲ್ಲೂ ಇದು ಹೀಗೆಯೇ ಆಗುತ್ತದೆ ಎಂದರೆ ನಂಬುತ್ತಿರಲಿಲ್ಲ. ಹಾಗಾದರೆ ಶಕ್ತಿ ಸಂರಕ್ಷಣೆ ಸುಳ್ಳೇ ಸರ್?

ಸುಳ್ಳಲ್ಲ. ಲೆಕ್ಕ ಹಾಕಿದರೆ ದಾರ ಸಡಿಲಾಗುವುದು ತಳದಿಂದ 83 ಸೆಂಟಿಮೀಟರ್ ಮೇಲೆ. ಅಲ್ಲಿ ನಟ್ಟಿಗೆ ಇನ್ನೂ ವೇಗವಿದೆ, ದಿಕ್ಕು ಓರೆ. ಅದರಲ್ಲಿ ಮೇಲ್ಮುಖವಾದ ಪಾಲು ನಟ್ಟನ್ನು ಇನ್ನು 9 ಸೆಂಟಿಮೀಟರ್ ಚಿಲ್ಲರೆ ಏರಿಸುತ್ತದೆ. ಅಲ್ಲಿಗೆ ಸುಮಾರು 92.6. ನೂರಕ್ಕೆ ಇನ್ನೂ 7.4 ಕಡಿಮೆ. ಆ 7.4 ಎಲ್ಲಿದೆ? ನಟ್ಟು ತನ್ನ ಹಾರಾಟದ ತುದಿಯಲ್ಲೂ ನಿಂತಿಲ್ಲ, ಅಡ್ಡಡ್ಡ ಸಾಗುತ್ತಿದೆ. ಆ ಅಡ್ಡ ಚಲನೆಯಲ್ಲಿರುವ ಶಕ್ತಿ ಸರಿಯಾಗಿ 7.4 ಸೆಂಟಿಮೀಟರ್ ಎತ್ತರದ್ದು. ಖಾತೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಶಕ್ತಿಗೆ ನೆತ್ತಿ ಮುಟ್ಟುವ ಅನುಮತಿ ಇತ್ತು. ದಾರಕ್ಕೆ ಕೇಂದ್ರದ ಕಡೆ ಎಳೆಯಲು ಬರುತ್ತದೆಯೇ ಹೊರತು ಗುಂಡನ್ನು ಹೊರಗೆ ತಳ್ಳಲು ಬರುವುದಿಲ್ಲ. ವೇಗ ಕುಗ್ಗಿದಂತೆ, ತಿರುಗಿಸಲು ಬೇಕಾದಷ್ಟಕ್ಕಿಂತ ಹೆಚ್ಚಾಗಿ ಗುರುತ್ವವೇ ಒಳಕ್ಕೆ ಎಳೆಯತೊಡಗುತ್ತದೆ. ಆಗ ದಾರಕ್ಕೆ ಮಾಡಲು ಕೆಲಸವಿಲ್ಲ, ಅದು ಕೈಬಿಡುತ್ತದೆ.

ಈಗ ಆ ಐದಕ್ಕೆ ಬರೋಣ. ತಳದಿಂದ ನೆತ್ತಿಗೆ ಎರಡು ತ್ರಿಜ್ಯ ಎತ್ತರ. ಅಷ್ಟು ಏರಲು ವೇಗದ ವರ್ಗದಲ್ಲಿ ನಾಲ್ಕು ಜಿ ಆರ್ ಖರ್ಚಾಗುತ್ತದೆ. ಇದು ಶಕ್ತಿ ಸಂರಕ್ಷಣೆ ಕೊಟ್ಟ ನಾಲ್ಕು. ನೆತ್ತಿ ಮುಟ್ಟಿದ ಮೇಲೂ ವೃತ್ತದಲ್ಲೇ ಉಳಿಯಬೇಕಾದರೆ ಅಲ್ಲಿ ವೇಗದ ವರ್ಗ ಕನಿಷ್ಠ ಒಂದು ಜಿ ಆರ್ ಇರಬೇಕು. ಆಗ ಗುರುತ್ವ ಒಂದೇ ಸರಿಯಾಗಿ ಅದನ್ನು ತಿರುಗಿಸಬಲ್ಲದು, ದಾರ ಬಿಗಿಯಾಗಿಯೂ ಇಲ್ಲ, ಸಡಿಲವಾಗಿಯೂ ಇಲ್ಲ. ಇದು ವೃತ್ತೀಯ ಚಲನೆ ಕೊಟ್ಟ ಒಂದು. ಕೂಡಿದರೆ ಐದು. ದಾರದ ಬದಲು ಹಗುರಾದ ಗಟ್ಟಿ ಸರಳನ್ನು ಹಾಕಿ. ಸರಳಿಗೆ ಎಳೆಯುವುದೂ ಗೊತ್ತು, ಒತ್ತಿ ಹಿಡಿಯುವುದೂ ಗೊತ್ತು. ಆ ಒಂದರ ಅಗತ್ಯ ಬೀಳುವುದಿಲ್ಲ, ಉತ್ತರ ನಾಲ್ಕು ಜಿ ಆರ್‌ನ ವರ್ಗಮೂಲಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ದಾರದ ಜಾಗದಲ್ಲಿ ಸರಳು ಎಂದು ಒಂದೇ ಪದ ಬದಲಿಸಿ ಕೊಟ್ಟಾಗ, ಸೂತ್ರ ಉರುಹೊಡೆದ ಮಕ್ಕಳು ಐದನ್ನೇ ಬರೆದು ಬಂದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಕ್ಕಳ ತಪ್ಪಲ್ಲ ಅದು. ಐದನ್ನು ಬಿಡಿಸಿ ತೋರಿಸದ ನಮ್ಮ ತಪ್ಪು.

ಮೊಳೆಯ ಪ್ರಯೋಗದಲ್ಲಿ ನಟ್ಟು ಪೂರ್ತಿ ಸುತ್ತಬೇಕಾದರೆ ಎರಡನೆಯ ಮೊಳೆ ಎಲ್ಲಿರಬೇಕು? ದಾರದ ಉದ್ದದ ಐದರಲ್ಲಿ ಮೂರು ಪಾಲು ಕೆಳಗೆ, ಅಂದರೆ 60 ಸೆಂಟಿಮೀಟರಿಗೆ. ಅದಕ್ಕಿಂತ ಕೆಳಗಿದ್ದರೆ ಸುತ್ತುತ್ತದೆ, ಮೇಲಿದ್ದರೆ ಇಲ್ಲ. ನಿಜದ ದಾರ, ನಿಜದ ಗಾಳಿ ಇರುವುದರಿಂದ ತರಗತಿಯಲ್ಲಿ ಇನ್ನೂ ಎರಡು ಮೂರು ಸೆಂಟಿಮೀಟರ್ ಕೆಳಗೆ ಹೊಡೆಯಬೇಕಾಗುತ್ತಿತ್ತು.

ಇದೇ ಲೆಕ್ಕ ಜಾರುದಾರಿಯ ಸುರುಳಿಗೂ ನಿಲ್ಲುತ್ತದೆ. ದಾರದ ಎಳೆತದ ಜಾಗದಲ್ಲಿ ಹಳಿಯ ಒತ್ತು ಬರುತ್ತದೆ, ಅಷ್ಟೇ. ಘರ್ಷಣೆ ಇಲ್ಲದೆ ಜಾರಿಬರುವ ವಸ್ತು ಸುರುಳಿ ದಾಟಬೇಕಾದರೆ ತ್ರಿಜ್ಯದ ಎರಡೂವರೆ ಪಟ್ಟು ಎತ್ತರದಿಂದ ಹೊರಡಬೇಕು. ವಿಜ್ಞಾನ ಪ್ರದರ್ಶನಕ್ಕೆಂದು ಇದನ್ನು ಗೋಲಿಯಲ್ಲಿ ಮಾಡಿದ ಹುಡುಗನೊಬ್ಬ ಅಳುಮುಖ ಮಾಡಿಕೊಂಡು ಬಂದಿದ್ದ. ಎರಡೂವರೆ ಪಟ್ಟು ಸರಿಯಾಗಿ ಅಳೆದಿದ್ದೇನೆ, ಗೋಲಿ ಪ್ರತಿ ಸಲವೂ ಕಳಚಿ ಬೀಳುತ್ತದೆ ಎಂದ. ಅವನ ಅಳತೆ ಸರಿಯಾಗಿಯೇ ಇತ್ತು. ಗೋಲಿ ಜಾರುವುದಿಲ್ಲ, ಉರುಳುತ್ತದೆ. ತನ್ನ ಸುತ್ತ ತಾನೇ ತಿರುಗುವುದಕ್ಕೂ ಅದು ಶಕ್ತಿಯಲ್ಲಿ ಒಂದು ಪಾಲು ತೆಗೆದಿಟ್ಟುಕೊಳ್ಳುತ್ತದೆ. ಅದನ್ನು ಸೇರಿಸಿದರೆ ಬೇಕಾದ ಎತ್ತರ 2.7 ಪಟ್ಟು, ಘರ್ಷಣೆಯ ನಷ್ಟಕ್ಕೆ ಇನ್ನಷ್ಟು. ಮೂರು ಪಟ್ಟು ಎತ್ತರಕ್ಕೆ ಏರಿಸಿದೆವು, ಗೋಲಿ ಸುರುಳಿ ದಾಟಿತು. ಆ ಹುಡುಗ ಅದನ್ನು ನಲವತ್ತು ಸಲವಾದರೂ ಉರುಳಿಸಿರಬೇಕು.

ಮನುಷ್ಯರನ್ನೇ ಕೂರಿಸಿ ಸುರುಳಿ ಸುತ್ತಿಸಿದವರಿಗೆ ಇದೇ ಲೆಕ್ಕ ಮೈಮೇಲೆ ಬಂತು. 1895ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ 'ಫ್ಲಿಪ್ ಫ್ಲ್ಯಾಪ್' ಎಂಬ ಬಂಡಿ ಶುರುವಾಯಿತು. ಸುರುಳಿ 25 ಅಡಿ ವ್ಯಾಸದ ನೆಟ್ಟನೆ ವೃತ್ತ. ನೆತ್ತಿಯಲ್ಲಿ ಬೀಳದಿರಲು ಬೇಕಾದ ಕನಿಷ್ಠ ವೇಗ ಮಾತ್ರ ಇದ್ದರೂ, ವೃತ್ತದ ತಳ ಹೊಕ್ಕ ಕ್ಷಣದಲ್ಲಿ ಮೈಭಾರ ಒಂದರಿಂದ ಆರು ಪಟ್ಟಿಗೆ ಜಿಗಿಯುತ್ತದೆ. ಹೈಗನ್ಸ್ ಹೇಳಿದ್ದ ಅದೇ ಆರು. ಏರಿದವರು ಕುತ್ತಿಗೆ ಹಿಡಿದುಕೊಂಡು ಇಳಿಯುತ್ತಿದ್ದರು. ಬಂಡಿ ಬಹಳ ಕಾಲ ನಡೆಯಲಿಲ್ಲ. ವೇಗ ಕಡಿಮೆ ಮಾಡೋಣವೆಂದರೆ ನೆತ್ತಿಯಲ್ಲಿ ಅಪಾಯ. ವೃತ್ತವನ್ನು ದೊಡ್ಡದು ಮಾಡೋಣವೆಂದರೆ, ತ್ರಿಜ್ಯ ಹೊಡೆದುಹೋಗಿ ಮತ್ತೆ ಆರೇ ಬರುತ್ತದೆ. ದಾರಿ ಒಂದೇ ಉಳಿದಿತ್ತು, ವೃತ್ತವನ್ನೇ ಬಿಡುವುದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್ ಮತ್ತು ವರ್ನರ್ ಸ್ಟೆಂಗಲ್ ಕಟ್ಟಿದ ಸುರುಳಿ ನೀರಿನ ಹನಿಯ ಆಕಾರದ್ದು. ವೇಗ ಹೆಚ್ಚಿರುವ ತಳದಲ್ಲಿ ಬಾಗು ವಿಶಾಲ, ವೇಗ ತಗ್ಗುವ ನೆತ್ತಿಯಲ್ಲಿ ಬಿಗಿ. ಎತ್ತರ ಬದಲಾಗದೆ ಶಕ್ತಿಯ ಲೆಕ್ಕ ಬದಲಾಗುವುದಿಲ್ಲ, ಆದರೆ ಬಾಗನ್ನು ಬದಲಿಸಿದರೆ ಬಲ ಬದಲಾಗುತ್ತದೆ. ಆ ಇಬ್ಬರು ಹಿಡಿದದ್ದು ಈ ಎಳೆಯನ್ನು. ಇವತ್ತು ನಿಮ್ಮ ಮಕ್ಕಳು ಏರುವ ಸುರುಳಿ ಬಂಡಿಗಳೂ ಇದೇ ದಾರಿ ಹಿಡಿದಿವೆ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ಈ ಅಧ್ಯಾಯಕ್ಕೆ ಬಂದಾಗ ಸೂತ್ರ ಬರೆಯುವ ಮೊದಲು ಎರಡು ಮೊಳೆ ಹೊಡೆಯಿರಿ. ಖರ್ಚು ಹತ್ತು ರೂಪಾಯಿಯೂ ಆಗದು. 50ಕ್ಕೆ ಮೊಳೆ ಹೊಡೆದು ದಾರ ಮಡಚಿಕೊಳ್ಳುವುದನ್ನು ಮಕ್ಕಳು ತಾವೇ ನೋಡಲಿ, ಗೊಂದಲಪಡಲಿ, ವಾದ ಮಾಡಲಿ. ಆಮೇಲೆ ಮೊಳೆಯನ್ನು ಅವರ ಕೈಯಿಂದಲೇ ಕೆಳಗೆ ಸರಿಸಿ.

ಪಂಚಮಿಗೆ ಜೋಕಾಲಿ ಕಟ್ಟುವ ಮನೆಗಳವರಿಗೂ ಒಂದು ಮಾತು. ಏರುವವರೆಲ್ಲರ ತೂಕ ಕೂಡಿಸಿ, ಅದರ ಮೂರು ಪಟ್ಟು ಭಾರವನ್ನು ಹಗ್ಗಕ್ಕೆ ಹಾಕಿ ನೋಡದೆ ಯಾರನ್ನೂ ಏರಿಸಬೇಡಿ. ಹೋದ ವರ್ಷದ ಹಗ್ಗವಾಗಿದ್ದರೆ ಮೂರೂ ಸಾಲದು, ಹೊಸದು ತನ್ನಿ. ಗಂಟನ್ನೂ ಕೊಂಬೆಯನ್ನೂ ನೋಡಿ. ಎಲ್ಲಕ್ಕಿಂತ ಹೆಚ್ಚು ಎಳೆತ ಬೀಳುವುದು ಜೋಕಾಲಿ ಮೇಲೆ ಹೋದಾಗಲ್ಲ, ನೆಲಕ್ಕೆ ಹತ್ತಿರ ಹಾದುಹೋಗುವಾಗ.